ಅವ್ವನ ಬೆರಳು, ಕೆಂಪು ಇಂಜೆಕ್ಷನ್ನು ಮತ್ತು ಮೊಡವೆ

ಬಹಳ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಮನೆಯಲ್ಲೇ ಒಂದು ಸಣ್ಣ ಯುದ್ಧ ನಡೀತಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಅವ್ವ, ನಡುವೆ ಒಂದು ವಿಟಮಿನ್ನು :)

ನಮ್ಮೂರು ಇಳಕಲ್ಲ. ನಾನು ನೌಕರಿ ಅಂತ ಬಾಗಲಕೋಟೆಯ ನವನಗರದಲ್ಲಿದೀನಿ. ಅವ್ವ ಮಾತ್ರ ಊರು ಬಿಟ್ಟು ಬರೋಳಲ್ಲ. ಇಳಕಲ್ ಸೀರೆ ಉಟ್ಟವರಿಗೂ ಎಷ್ಟೋ ಜನಕ್ಕೆ ಗೊತ್ತಿರಲ್ಲ, ಅದರ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆ ಒಂದೊಂದಾಗಿ ಸಿಕ್ಕಿಸಿ ಜೋಡಿಸಬೇಕು. ಅದಕ್ಕೆ ಕೊಂಡಿ ಅಂತೀವಿ. ಅವ್ವನ ಕೆಲಸ ಅದು. ಕಣ್ಣಿಗಿಂತ ಹೆಚ್ಚಾಗಿ ಬೆರಳ ತುದಿ ಮಾಡೋ ಕೆಲಸ.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅವ್ವ ಅಂದಳು, "ತಮ್ಮಾ, ಎಳಿ ಕೈಯಾಗ ಐತೋ ಇಲ್ಲೋ ತಿಳೀವಲ್ದೋ. ಇರುವಿ ಹರದಾಡಿದಂಗ ಆಗತೈತಿ."

ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎಲ್ಲರೂ "ಶುಗರ್ ಇದ್ದವರಿಗೆ ಜೋಮು ಸಹಜ" ಅಂದ್ರು. ಬಾಗಲಕೋಟೆಗೆ ಕರಕೊಂಡು ಬಂದು ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ತಳ ಕಂಡಿತ್ತು. ನಮ್ಮದು ಶುದ್ಧ ಸಸ್ಯಾಹಾರ. ಜೋಳದ ರೊಟ್ಟಿ, ಪುಂಡಿ ಪಲ್ಯ, ಚಹಾಕ್ಕೆ ಬಿದ್ದಷ್ಟೇ ಹಾಲು. ಗಿಡದಿಂದ ಬಂದ ಯಾವ ಊಟದಲ್ಲೂ ನೆಚ್ಚಿಕೊಳ್ಳುವಷ್ಟು ಬಿ12 ಇಲ್ಲ. ಅದರ ಮೇಲೆ ಸಕ್ಕರೆಗೆ ನುಂಗೋ ಮೆಟ್‌ಫಾರ್ಮಿನ್ ಗುಳಿಗೆ ವರ್ಷಗಟ್ಟಲೆ ತಗೊಂಡರೆ ಇದ್ದಬದ್ದ ಬಿ12 ಕೂಡ ಮೈಗೆ ಸರಿಯಾಗಿ ಹತ್ತಲ್ಲವಂತೆ. ಹಾಗಂತ ಆ ಗುಳಿಗೆ ಬಿಡೋ ಹಾಗಿಲ್ಲ, ಆಗಾಗ ಬಿ12 ನೋಡಿಸ್ಕೋಬೇಕು ಅಷ್ಟೇ.

ದಿನ ಬಿಟ್ಟು ದಿನ ಇಂಜೆಕ್ಷನ್ ಶುರುವಾಯ್ತು. ಔಷಧಿ ಕೆಂಪಗಿರತ್ತೆ. ಬಿ12 ಒಳಗೆ ಕೋಬಾಲ್ಟ್ ಲೋಹ ಇದೆ, ಬಣ್ಣಕ್ಕೂ ಅದಕ್ಕೂ ನಂಟು. ಅವ್ವ ಸಿರಿಂಜ್ ನೋಡಿ, "ಇದು ನಮ್ಮ ಸೆರಗಿನ ಬಣ್ಣಾನ ಐತಲ್ಲೋ" ಅಂದಿದ್ದಳು. ನಕ್ಕಿದ್ವಿ.

ಮೂರನೇ ವಾರಕ್ಕೆ ನಗು ನಿಂತಿತು. ಅರವತ್ತರ ಹತ್ತಿರದ ಹೆಂಗಸಿನ ಮುಖದ ತುಂಬ ಮೊಡವೆ! ಹಣೆ, ಗಲ್ಲ, ಬೆನ್ನು... ಎಲ್ಲ ಒಂದೇ ಗಾತ್ರದ ಕೆಂಪು ಗುಳ್ಳೆ. ಓಣಿಯವರು "ಅಮ್ಮ ಆಗ್ಯಾಳೇನ?" ಅಂತ ದೂರ ನಿಂತು ಕೇಳಿದರಂತೆ. ಹುನಗುಂದದಿಂದ ದೊಡ್ಡವ್ವ ಬಂದವಳು "ಸೂಜಿ ಉಷ್ಣ ಆಗೈತಿ, ಬಿಟ್ಟಬಿಡು" ಅಂದು ಅರಿಶಿಣ, ಬೇವು ಅರೆದು ಹಚ್ಚಿದಳು. ಹೋಗುವಾಗ ತಾನು ನುಂಗೋ "ನರದ ಗುಳಿಗೆ" ಒಂದು ಪಟ್ಟಿ ಬೇರೆ ಕೊಟ್ಟು ಹೋದಳು.

ನಾನು ಫೋನ್ ಮಾಡಿದಾಗೆಲ್ಲ ಅವ್ವ "ಮಾಡಿಸ್ಕೊಂಡೆ, ಮಾಡಿಸ್ಕೊಂಡೆ" ಅನ್ನೋಳು. ನಾನೂ ನಂಬಿದೆ. ಮುಖ ಹೇಗಿದೆ ಅಂತ ಒಂದು ದಿನಾನೂ ಕೇಳಲಿಲ್ಲ.

ಜನವರಿಯಲ್ಲಿ ಬಾದಾಮಿ ಬನಶಂಕರಿ ಜಾತ್ರೆ. ಎಲ್ಲರೂ ಹೋಗಿದ್ವಿ. ಅವ್ವ ಮುಖ ಅರ್ಧ ಮುಚ್ಚೋ ಹಾಗೆ ಸೆರಗು ಹೊದ್ದಿದ್ದಳು. ಅಂಗಡಿ ಸಾಲು ದಾಟಿ ಒಂದಷ್ಟು ದೂರ ಬಂದಮೇಲೆ ನೋಡ್ತೀನಿ, ಅವ್ವನ ಎಡಗಾಲಲ್ಲಿ ಚಪ್ಪಲಿ ಇಲ್ಲ! ಎಲ್ಲೋ ಕಳಚಿ ಬಿದ್ದಿದೆ. ಆಕೆಗೆ ಗೊತ್ತೇ ಆಗಿಲ್ಲ. ಪಾದಕ್ಕೆ ಕಲ್ಲು ಚುಚ್ಚಿ ರಕ್ತ ಬಂದಿತ್ತು, ಅದೂ ಗೊತ್ತಾಗಿಲ್ಲ.

ಅಲ್ಲೇ ಒಂದು ಕಟ್ಟೆ ಮೇಲೆ ಕೂತು ಸತ್ಯ ಹೇಳಿದಳು. ಐದು ವಾರದಿಂದ ಸೂಜಿ ಬಿಟ್ಟಿದ್ದಳು. "ಕೈ ಹ್ವಾದ್ರ ಮನ್ಯಾಗ ಕೂಡ್ತೀನಿ. ಈ ಮಾರಿ ಹೊತ್ಕೊಂಡು ನಾಕ ಮಂದ್ಯಾಗ ಹೆಂಗ ಬರ್ಲಿ?"

ನನಗೆ ಮಾತೇ ಹೊರಡಲಿಲ್ಲ. ಪಲ್ಲೇದ ಹಬ್ಬಕ್ಕೆ ಬನಶಂಕರಿಗೆ 108 ಬಗೆ ಪಲ್ಯದ ನೈವೇದ್ಯ ಮಾಡ್ತಾರೆ. ಆ ನೂರೆಂಟರಲ್ಲಿ ಒಂದರಲ್ಲೂ ಅವ್ವನಿಗೆ ಬೇಕಾದ್ದು ಇಲ್ಲವಲ್ಲ ತಾಯಿ, ಅಂತ ಅನ್ನಿಸಿತು.

ಮಾರನೇ ದಿನ ಕಾಲಿನ ಗಾಯಕ್ಕೆ ಔಷಧಿ ಹಾಕಿಸಿ, ಬಾಗಲಕೋಟೆಯ ಚರ್ಮದ ಡಾಕ್ಟರ ಹತ್ರ ಹೋದ್ವಿ. ಅವರು ನೋಡಿದ ಕೂಡಲೇ ಕೇಳಿದ್ದು, "ಬಿ12 ಇಂಜೆಕ್ಷನ್ ತಗೊಂಡಿದ್ರಾ ಅಮ್ಮಾ?" ನಮ್ಮಂಥವರು ಬೇಕಾದಷ್ಟು ಜನ ಇದ್ದಾರಂತೆ. ಮೈಗೆ ದಿನಕ್ಕೆ ಬೇಕಾದ್ದು ಎರಡೂವರೆ ಮೈಕ್ರೋಗ್ರಾಂ ಆಸುಪಾಸು, ಒಂದು ಸೂಜಿಯಲ್ಲಿ ಇರೋದು 1000 ಮೈಕ್ರೋಗ್ರಾಂ. ಮೊಡವೆಗೆ ಕಾರಣವಾಗೋ ಚರ್ಮದ ಬ್ಯಾಕ್ಟೀರಿಯಾಕ್ಕೆ ಬಿ12 ಹೇರಳವಾಗಿ ಸಿಕ್ಕರೆ ಅದು ತನ್ನ ಪಾಲಿನದನ್ನ ಮಾಡೋದು ಕಡಿಮೆ ಮಾಡಿ, ಉರಿ ಏಳಿಸೋ ಪಾರ್ಫಿರಿನ್ ಅನ್ನೋ ವಸ್ತು ಹೆಚ್ಚು ಮಾಡತ್ತೆ ಅಂತ 2015ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಅಂದರೆ ಉಷ್ಣವೂ ಅಲ್ಲ, ಅಮ್ಮನೂ ಅಲ್ಲ.

ಡಾಕ್ಟರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ, ಯಾರಿಗಾದರೂ ಉಪಯೋಗ ಆದೀತು. ಇಂಥ ಮೊಡವೆ ಅಪಾಯ ಅಲ್ಲ, ಡೋಸು ಇಳಿದರೆ ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನೂ ಇಳಿಯತ್ತೆ. ಆದರೆ ಬಿ12 ಇಲ್ಲದೆ ನರ ಬಹಳ ದಿನ ಒಣಗಿದರೆ ಪೂರ್ತಿ ಮರಳಿ ಬರದೇ ಇರಬಹುದು. ಅದಕ್ಕೇ ನಾವೇ ಸೂಜಿ ನಿಲ್ಲಿಸಬಾರದು, ಡಾಕ್ಟರನ್ನ ಕೇಳಿ ಅಂತರ ಬದಲಿಸಬಹುದು. ಮೈತುಂಬ ದದ್ದು, ತುಟಿ ಊತ, ಉಸಿರು ಕಟ್ಟೋದು ಆದರೆ ಮಾತ್ರ ಕತೆ ಬೇರೆ. ಅದು ಅಲರ್ಜಿ, ತಕ್ಷಣ ಆಸ್ಪತ್ರೆಗೆ ಓಡಬೇಕು. ದೊಡ್ಡವ್ವನ ಗುಳಿಗೆ ಪಟ್ಟಿ ತೋರಿಸಿದಾಗ ಡಾಕ್ಟರು ತಲೆ ಚಚ್ಚಿಕೊಂಡರು. ಅದರಲ್ಲಿದ್ದ ಬಿ6 ಕೂಡ ಮೊಡವೆ ತರಬಹುದು, ಅದೂ ಅಲ್ಲದೆ ಅತಿಯಾದರೆ ಅದೇ ಜೋಮು ಹಿಡಿಸತ್ತಂತೆ!

ಮತ್ತೆ ಸೂಜಿ ಶುರುವಾಯ್ತು, ಈ ಸಲ ವಾರಕ್ಕೊಂದು, ಆಮೇಲೆ ತಿಂಗಳಿಗೊಂದು. ಮುಖಕ್ಕೆ ರಾತ್ರಿ ಹಚ್ಚೋಕೆ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮು. ಅದು ಬಟ್ಟೆಯ ಬಣ್ಣ ತಿನ್ನತ್ತೆ ಅಂತ ಡಾಕ್ಟರು ಹೇಳಿದ್ದನ್ನ ನಾನು ಅವ್ವನಿಗೆ ಹೇಳೋದು ಮರೆತೆ. ಮುಲಾಮು ಹಚ್ಚಿ ಅಭ್ಯಾಸದಂತೆ ಸೆರಗು ಮುಖಕ್ಕೆ ಹೊದ್ದು ಮಲಗಿದ್ದಾಳೆ. ಕೆಲವು ದಿನಕ್ಕೆ ಕೆಂಪು ಸೆರಗಿನಲ್ಲಿ ಬಿಳಿ ಮಚ್ಚೆ! "ನಾವು ನೇಯದ ತೆನಿ ಮೂಡೈತಿ ನೋಡೋ" ಅಂತ ಬೈದಳು. ಆಮೇಲೆ ಬಿಳೀ ದುಪ್ಪಟಿ, ಬಿಳೀ ದಿಂಬಿನ ಚೀಲ, ಎಳೆ ಮುಟ್ಟೋ ಮುಂಚೆ ಸೋಪು ಹಾಕಿ ಕೈ ತೊಳೆಯೋದು.

ಈಗ ಮುಖ ಬಹುತೇಕ ತಿಳಿಯಾಗಿದೆ, ಗಲ್ಲದ ಮೇಲೆ ನಾಲ್ಕಾರು ಕಲೆ ಉಳಿದಿವೆ. ಬಲಗೈ ಜೋಮು ಇಳಿದಿದೆ, ಎಡಗಾಲಲ್ಲಿ ಇನ್ನೂ ಇದೆ. ಆ ಐದು ವಾರ ಬಿಡದೇ ಇದ್ದಿದ್ದರೆ? ಗೊತ್ತಿಲ್ಲ, ಕೇಳೋ ಧೈರ್ಯವೂ ಇಲ್ಲ. ಮೊನ್ನೆ ಹೋದಾಗ ಅವ್ವ ಕೊಂಡಿ ಹಾಕ್ತಾ ಕೂತಿದ್ದಳು, ಮೊದಲಿಗಿಂತ ನಿಧಾನ. ಕಣ್ಣು ಮುಚ್ಚಿ ಒಂದು ಎಳೆ ಎತ್ತಿ, "ಸಿಕ್ತು ನೋಡು" ಅಂದಳು.

ಈಗ ಫೋನ್ ಮಾಡಿದರೆ "ಸೂಜಿ ಆಯ್ತಾ" ಅಂತ ಮೊದಲು ಕೇಳಲ್ಲ. "ಅವ್ವಾ, ಮಾರಿ ಹೆಂಗೈತಿ?" ಅಂತೀನಿ. ನಿಮ್ಮ ಮನೆಯಲ್ಲೂ ಯಾರಾದರೂ ಸುಮ್ಮನೆ ಔಷಧಿ ಬಿಟ್ಟಿದ್ದರೆ, ಬೈಯೋ ಮುಂಚೆ ಯಾಕೆ ಅಂತ ಒಂದ್ಸಲ ಕೇಳಿ ನೋಡಿ.