ಮಣಲಿಗೆ ಹಿರಿಯರನ್ನು ಕರೆತರುವ ಮುನ್ನ

ಚೆನ್ನೈ ಎಂದೊಡನೆ ನಮ್ಮವರಿಗೆ ಮೈಲಾಪುರದ ಗೋಪುರವೂ ಮರೀನಾದ ಮರಳೂ ನೆನಪಾಗುವುದು ಸಹಜ. ಮಣಲಿಯನ್ನು ನೋಡಲೆಂದು ಬರುವವರು ವಿರಳ. ಇಲ್ಲಿಗೆ ಬರುವವರು ಬಹುಮಟ್ಟಿಗೆ ದುಡಿಯಲು ಬರುವವರು. ಆದರೆ ಮಗ ದುಡಿಯುವ ಊರಿಗೆ ಒಂದಲ್ಲ ಒಂದು ದಿನ ತಾಯಿತಂದೆಗಳೂ ಬರಬೇಕಾಗುತ್ತದಷ್ಟೆ. ಅಂಥ ಸಂಸಾರಗಳಿಗಾಗಿ ಈ ನಾಲ್ಕು ಮಾತು.

ತಿರುವೊಟ್ಟಿಯೂರಿನಲ್ಲಿ ತ್ಯಾಗರಾಜಸ್ವಾಮಿಯ ದರ್ಶನ ಮುಗಿಸಿ ಪಶ್ಚಿಮಕ್ಕೆ ಬಸ್ಸು ಹಿಡಿದರೆ ತುಸು ಹೊತ್ತಿನಲ್ಲೇ ಮಣಲಿ. ಗೋಪುರ ಮರೆಯಾಗುತ್ತಲೇ ಎಣ್ಣೆ ಶುದ್ಧೀಕರಣ ಕಾರ್ಖಾನೆಯ ಕೊಳವೆಗಳೂ ಚಿಮಣಿಗಳೂ ಕಣ್ಣಿಗೆ ಬೀಳುತ್ತವೆ. 1965ರಲ್ಲಿ ಸ್ಥಾಪಿತವಾದ ಮದ್ರಾಸ್ ರಿಫೈನರೀಸ್ 1969ರಲ್ಲಿ ಕೆಲಸ ಆರಂಭಿಸಿತು. ಗೊಬ್ಬರ, ರಾಸಾಯನಿಕಗಳ ಕಾರ್ಖಾನೆಗಳು ಹಿಂಬಾಲಿಸಿದವು. ಸಾವಿರಾರು ಜನರಿಗೆ ಅನ್ನ ಸಿಕ್ಕಿತು, ಗಾಳಿ ಕೆಟ್ಟಿತು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಮಣಲಿಯನ್ನು ತೀವ್ರ ಮಾಲಿನ್ಯದ ಕೈಗಾರಿಕಾ ಪ್ರದೇಶಗಳ ಪಟ್ಟಿಗೆ ಸೇರಿಸಿತು.

ಆದುದರಿಂದ ಹಿರಿಯರ ಎದೆಯನ್ನು ಊರಿನಲ್ಲೇ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡು ಬರುವುದು ಲೇಸು. ಉಬ್ಬಸವುಳ್ಳವರಿಗೆ ಡಿಸೆಂಬರ್, ಜನವರಿಯ ಮುಂಜಾವು ಆಗದು. ತಂಪಿನಲ್ಲಿ ಹೊಗೆ ಮೇಲೇರದೆ ನೆಲದ ಬಳಿಯೇ ತಂಗುತ್ತದೆ. ಬಿಸಿಲೇರಿದ ಮೇಲೆ ಅಡ್ಡಾಡಲಿ. ಘಾಟು ವಾಸನೆ ಬಂದ ಕೂಡಲೆ ಕಿಟಕಿಗಳನ್ನು ಮುಚ್ಚಿ ಒಳಗಿರಲಿ, ಇನ್‌ಹೇಲರ್ ಕೈಗೆಟಕುವಂತಿರಲಿ.

ಮನೆ ಹುಡುಕುವಾಗ ಒಂದು ಇಕ್ಕಟ್ಟುಂಟು. ಮಹಡಿಯಾದರೆ ಮೊಣಕಾಲಿಗೆ ಕಷ್ಟ, ನೆಲಮನೆಯಾದರೆ ನೆರೆಯ ಭಯ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಎಣ್ಣೂರಿನ ಕಡೆ ಎಣ್ಣೆ ಬೆರೆತ ನೀರೇ ಮನೆಗಳನ್ನು ಹೊಕ್ಕಿತು. ಮೊದಲ ಮಹಡಿಯಲ್ಲಿ, ಮೆಟ್ಟಿಲಿಗೆ ಗಟ್ಟಿ ಕೈಹಿಡಿ ಇರುವ ಮನೆ ಸಿಕ್ಕರೆ ಬಾಡಿಗೆ ತುಸು ಹೆಚ್ಚಾದರೂ ಬಿಡಬೇಡಿ.

ಇನ್ನು ಭಾಷೆ. ಮಗ ಪಾಳಿಗೆ ಹೋಗಿ, ಸೊಸೆಯೂ ಮನೆಯಲ್ಲಿಲ್ಲದಾಗ ಅಮ್ಮ ನೆರೆಯವರನ್ನು ಹೇಗೆ ಕರೆಯಬೇಕು? ‘ತಲೆ ಸುತ್ತು’ ಎಂದರೆ ತಮಿಳರಿಗೂ ತಿಳಿದೀತು. ಆದರೆ ನಮ್ಮ ‘ಉಸಿರು’ ಅವರ ಕಿವಿಗೆ ‘ಉಯಿರ್’ ಎಂದು ಕೇಳಬಹುದು; ಅದಕ್ಕೆ ಪ್ರಾಣವೆಂದು ಅರ್ಥ. ಉಸಿರಾಟದ ಕಷ್ಟಕ್ಕೆ ‘ಮೂಚ್ಚು ತಿಣರುದು’, ಎದೆನೋವಿಗೆ ‘ನೆಂಜು ವಲಿ’ ಎಂಬೆರಡು ಮಾತನ್ನು ಹಿರಿಯರಿಗೆ ಬಾಯಿಪಾಠ ಮಾಡಿಸಿ. ನುಂಗುವ ಮಾತ್ರೆಗಳ ಹೆಸರು, ಮಗನ ಫೋನ್ ನಂಬರನ್ನು ತಮಿಳಿನಲ್ಲಿ ಬರೆಸಿ ಬಾಗಿಲ ಹಿಂದೆ ಅಂಟಿಸಿ.

ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಔಷಧಿಯನ್ನು ಮನೆಬಾಗಿಲಿಗೆ ತರುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರಲ್ಲಿ ಆರಂಭವಾಯಿತು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ದೊಡ್ಡ ಕಾಯಿಲೆಗೆ ಉತ್ತರ ಚೆನ್ನೈಯ ಸ್ಟಾನ್ಲಿ ಸರ್ಕಾರಿ ಆಸ್ಪತ್ರೆಯುಂಟು. ಆಂಬುಲೆನ್ಸಿಗೆ 108, ಹಿರಿಯರ ಸಹಾಯವಾಣಿಗೆ 14567.

ಎಲ್ಲಕ್ಕಿಂತ ಮುಖ್ಯ, ಹಿರಿಯರ ಮನಸ್ಸು. ಸಂಕ್ರಾಂತಿ ಕಳೆದ ಮೇಲೆ ಕರೆತಂದು ಯುಗಾದಿಯವರೆಗೆ ಇಟ್ಟುಕೊಂಡು ನೋಡಿ. ಗಾಳಿ ಒಗ್ಗಿತೇ, ನೆರೆಹೊರೆ ಹಿಡಿಸಿತೇ ಎಂದು ಅವರನ್ನೇ ಕೇಳಿ. ಅವರು ಬಾಯಿಬಿಟ್ಟು ಒಪ್ಪುವ ತನಕ ಊರಿನ ಮನೆಯನ್ನು ಮಾರುವ ಮಾತೆತ್ತಬೇಡಿ.