ಅರ್ಧ ಮಿಲಿಮೀಟರಿನ ಆಚೆ

ಬೆಂಗಳೂರಿನ ಆಸ್ಪತ್ರೆಯೊಂದರ ಎಂಡೋಸ್ಕೋಪಿ ಕೋಣೆ. ಪರದೆಯ ಮೇಲೆ ಅನ್ನನಾಳ ಮುಗಿದು ಜಠರ ಶುರುವಾಗುವ ಜಾಗ ಕಾಣುತ್ತಿದೆ, ಮುಂಬಲ್ಲಿನಿಂದ ಸುಮಾರು 40 ಸೆಂಟಿಮೀಟರ್ ಕೆಳಗೆ. ಮೇಲಿನ ತೆಳುಗುಲಾಬಿ ಪೊರೆ ಅಂಕುಡೊಂಕಾದ ಗೆರೆಯೊಂದರಲ್ಲಿ ನಿಂತು, ಅಲ್ಲಿಂದ ಕೆಂಪು ಪೊರೆ ಶುರುವಾಗುತ್ತದೆ. ಆ ಗೆರೆಗೆ ಅಂಟಿಕೊಂಡಿದ್ದ ತುಸು ತಗ್ಗಾದ ಮಚ್ಚೆಯ ಅಡಿಗೆ ವೈದ್ಯರು ನೀಲಿ ಬೆರೆಸಿದ ದ್ರವ ಚುಚ್ಚಿ ಉಬ್ಬಿಸಿದರು, ಸುತ್ತಲೂ ಕೊಯ್ದರು, ತಳದ ಎಳೆಗಳನ್ನು ಒಂದೊಂದಾಗಿ ಬಿಡಿಸಿದರು. 1990ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ವಿದ್ಯೆ ಇದು. ಹೊಟ್ಟೆ ಕೊಯ್ಯದೆ, ಬಾಯಿಯ ದಾರಿಯಲ್ಲೇ ಗಡ್ಡೆಯನ್ನು ಒಂದೇ ತುಂಡಾಗಿ ಹೊರಗೆ ತರುತ್ತಾರೆ.

ಬಾಗಿಲಾಚೆ ರೋಗಿಯ ಹೆಂಡತಿ ಎದ್ದು ನಿಲ್ಲುತ್ತಾರೆ. “ಪೂರ್ತಿ ತೆಗೆದ್ರಾ ಡಾಕ್ಟ್ರೇ?”

“ಕಣ್ಣಿಗೆ ಕಂಡಿದ್ದೆಲ್ಲ ತೆಗೆದಿದ್ದೀವಮ್ಮ. ಎಷ್ಟು ಆಳಕ್ಕೆ ಇಳಿದಿತ್ತು ಅನ್ನೋದು ರಿಪೋರ್ಟ್ ಬಂದ ಮೇಲೇ ಗೊತ್ತಾಗೋದು.”

ನಮ್ಮಲ್ಲಿ ಈ ಜಾಗದ ಕ್ಯಾನ್ಸರ್ ಇಷ್ಟು ಬೇಗ ಸಿಗುವುದು ಅಪರೂಪ. ಅನ್ನ ಗಂಟಲಿನಿಂದ ಕೆಳಗಿಳಿಯದಾದಾಗ ಬರುವವರೇ ಹೆಚ್ಚು. ಇವರು ಹಳೆಯ ಎದೆಯುರಿಗೆಂದು ಬಂದವರು.

ತುಂಡಿನ ಹಿಂದೆ ನೀವೂ ಪೆಥಾಲಜಿ ವಿಭಾಗಕ್ಕೆ ಇಳಿಯಿರಿ. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತದೆ. ಕಾರ್ಕ್ ಹಲಗೆಯ ಮೇಲೆ ತುಂಡನ್ನು ಹರವಿ, ಅಂಚಿಗೆಲ್ಲ ಗುಂಡುಸೂಜಿ ಚುಚ್ಚಿ ಬಿಗಿದಿದ್ದಾರೆ. ಅನ್ನನಾಳದ ಬದಿ ಯಾವುದು, ಜಠರದ ಬದಿ ಯಾವುದು ಎಂದು ಗುರುತೂ ಹಾಕಿದ್ದಾರೆ. ಬಿಗಿಯದೆ ಬಿಟ್ಟರೆ ಅಂಚು ಸುರುಳಿಕೊಳ್ಳುತ್ತದೆ, ಕೊಯ್ತ ಓರೆಯಾಗುತ್ತದೆ, ಆಳದ ಲೆಕ್ಕವೇ ತಪ್ಪುತ್ತದೆ. ಒಂದು ರಾತ್ರಿ ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಎರಡೆರಡು ಮಿಲಿಮೀಟರ್ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಒಂದು ಪಟ್ಟಿಯನ್ನೂ ಬಿಡುವಂತಿಲ್ಲ.

ಸ್ಲೈಡ್ ಸಿದ್ಧವಾಗಿದೆ. ಹಿರಿಯ ಪೆಥಾಲಜಿಸ್ಟ್ ತಮ್ಮ ಪಕ್ಕದ ಕಣ್ಣುಗಾಜಿಗೆ ನಿಮ್ಮನ್ನು ಕರೆಯುತ್ತಾರೆ. ಮೇಲೆ ಲೋಳೆಪೊರೆ, ಅದರ ತಳದಲ್ಲಿ ಸ್ನಾಯುವಿನ ತೆಳು ಪಟ್ಟಿ, ಅದರ ಕೆಳಗೆ ಸಡಿಲವಾದ ಇನ್ನೊಂದು ಪದರ. ಕ್ಯಾನ್ಸರ್ ಆ ಪಟ್ಟಿಯ ಮೇಲೇ ನಿಂತಿದ್ದರೆ ಟಿ1ಎ, ದಾಟಿದ್ದರೆ ಟಿ1ಬಿ. ಎರಡಕ್ಕೂ ‘ಆರಂಭದ ಹಂತ’ ಎಂಬ ಒಂದೇ ಹೆಸರು. ಕ್ಯಾನ್ಸರ್ ಹುಟ್ಟಿ ಎಷ್ಟು ತಿಂಗಳಾಯಿತು ಎಂಬುದನ್ನು ಇಲ್ಲಿ ಯಾರೂ ಕೇಳುವುದಿಲ್ಲ, ಆಳವನ್ನಷ್ಟೇ ಕೇಳುತ್ತಾರೆ. ಏಕೆಂದರೆ ಆ ಸಡಿಲ ಪದರದ ತುಂಬ ದುಗ್ಧನಾಳಗಳ ಬಲೆಯಿದೆ. ಅನ್ನನಾಳದಲ್ಲಿ ಈ ನಾಳಗಳು ಉದ್ದುದ್ದಕ್ಕೆ ಹರಿಯುತ್ತವೆ. ಒಳಹೊಕ್ಕ ಕ್ಯಾನ್ಸರ್ ಕಣ ಮೇಲಕ್ಕೆ ಎದೆಯತ್ತಲೂ ಹೋಗಬಹುದು, ಕೆಳಕ್ಕೆ ಹೊಟ್ಟೆಯತ್ತಲೂ ಇಳಿಯಬಹುದು, ಹತ್ತಿರದ ದುಗ್ಧಗ್ರಂಥಿಯನ್ನು ಬಿಟ್ಟು ದೂರದ್ದನ್ನೂ ಸೇರಬಹುದು. ಜಠರದ ಬಾಯಲ್ಲೇ ಬೇರೂರಿದ ಗಡ್ಡೆಗಳು ಹೆಚ್ಚಾಗಿ ಹಿಡಿಯುವುದು ಕೆಳಗಿನ ದಾರಿಯನ್ನೇ.

2012ರಲ್ಲಿ ಅಮೆರಿಕದ ಕೆರಿ ಡನ್‌ಬಾರ್ ಮತ್ತು ಸ್ಟುವರ್ಟ್ ಸ್ಪೆಕ್ಲರ್ ಹಳೆಯ ವರದಿಗಳನ್ನೆಲ್ಲ ಕಲೆಹಾಕಿ ನೋಡಿದರು. ಅನ್ನನಾಳದ ಕೆಳತುದಿಯ, ಹಳೆಯ ಎದೆಯುರಿಯಿಂದ ಬದಲಾದ ಪೊರೆಯಲ್ಲಿ ಹುಟ್ಟಿ, ಲೋಳೆಪೊರೆಯೊಳಗೇ ಉಳಿದ ಕ್ಯಾನ್ಸರ್‌ಗೆ ಅನ್ನನಾಳ ತೆಗೆಸಿಕೊಂಡ 1,350 ಮಂದಿಯಲ್ಲಿ ಗ್ರಂಥಿಗೆ ಹರಡಿದ್ದು 26 ಮಂದಿಗೆ, ಶೇಕಡಾ 2ಕ್ಕೂ ಕಡಿಮೆ. ಅನ್ನನಾಳ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಪ್ರಾಣಕ್ಕೇ ಎರವಾಗುವ ಸಂಭವ ಎಷ್ಟೋ ಕಡೆ ಅದಕ್ಕಿಂತ ಹೆಚ್ಚು. ಹಾಗಾಗಿ ಅಂಥವರನ್ನು ಎಂಡೋಸ್ಕೋಪಿಗೇ ನಿಲ್ಲಿಸುವುದು ಸರಿ. ಪಟ್ಟಿ ದಾಟಿತೋ, ಲೆಕ್ಕ ಬದಲಾಗುತ್ತದೆ. ಆಳಕ್ಕಿಳಿದಷ್ಟೂ ಅಪಾಯ ಏರುತ್ತದೆ. ಸಾಮಾನ್ಯವಾಗಿ ಹಾಕಿಕೊಂಡಿರುವ ಗಡಿ ಪಟ್ಟಿಯಿಂದ ಕೆಳಕ್ಕೆ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್.

“ಅಳೆದು ನೋಡಮ್ಮ,” ಎನ್ನುತ್ತಾರೆ ಹಿರಿಯರು ಕಿರಿಯ ವೈದ್ಯೆಗೆ.

“700 ಇದೆ ಮೇಡಂ.”

“ಎಲ್ಲಿಂದ ಅಳೆದೆ? ಇಲ್ಲಿ ಸ್ನಾಯುಪಟ್ಟಿ ಎರಡಾಗಿದೆ ನೋಡು. ಕೆಳಗಿನದರಿಂದ ಅಳೆ.”

ಹಳೆಯ ಎದೆಯುರಿಯಿಂದ ಪೊರೆ ಬದಲಾದವರಲ್ಲಿ ಹೀಗೆ ಎರಡು ಪಟ್ಟಿಗಳು ಇರುವುದುಂಟು. ಮೇಲಿನದನ್ನೇ ನಿಜವೆಂದು ನಂಬಿದರೆ, ಹರಡಿರದ ಕ್ಯಾನ್ಸರ್‌ಗೆ ಒಬ್ಬರು ಅನ್ನನಾಳವನ್ನೇ ಕಳೆದುಕೊಳ್ಳಬಹುದು. ಸ್ನಾಯುವನ್ನು ಎತ್ತಿ ತೋರಿಸುವ ಡೆಸ್ಮಿನ್ ಬಣ್ಣದ ಸ್ಲೈಡ್ ತರಿಸಿ, ಕಿರಿಯ ವೈದ್ಯೆ ಮತ್ತೆ ಅಳೆಯುತ್ತಾರೆ. ಈಗ 400. ಗಡಿಯ ಈಚೆ. ನಿಮ್ಮ ಉಸಿರು ಸಡಿಲವಾಗುತ್ತದೆ.

ಮೇಡಂ ಮಾತ್ರ ಏಳುವುದಿಲ್ಲ. ಇನ್ನೊಂದು ಸ್ಲೈಡ್ ಇಡುತ್ತಾರೆ. ಡಿ2-40 ಎಂಬ ಬಣ್ಣ ದುಗ್ಧನಾಳದ ಗೋಡೆಯನ್ನು ಕಂದಾಗಿಸಿ ತೋರಿಸುತ್ತದೆ. ಅದಿಲ್ಲದಿದ್ದರೆ, ಅಂಗಾಂಶ ಕುಗ್ಗಿ ಉಂಟಾದ ಬಿರುಕನ್ನೇ ನಾಳವೆಂದು ಕಣ್ಣು ತಿಳಿದುಬಿಡುತ್ತದೆ. ಸ್ಲೈಡ್ ನಿಧಾನಕ್ಕೆ ಸರಿಯುತ್ತದೆ. ಒಂದು ಮೂಲೆಯಲ್ಲಿ ಕೂದಲೆಳೆಯಂಥ ಕಂದು ಉಂಗುರ; ಅದರೊಳಗೆ, ಗೋಡೆಗೆ ತಾಗದೆ, ಐದಾರು ಕ್ಯಾನ್ಸರ್ ಕಣಗಳು.

ಆಳ ಕಡಿಮೆಯಿದ್ದರೂ ಕಣ ನಾಳದೊಳಗೆ ಕಾಲಿಟ್ಟಾಗಿದೆ. 400 ಎಂಬ ಅಂಕಿಯ ಸಮಾಧಾನ ಇಲ್ಲಿಗೆ ಮುಗಿಯಿತು.

ಕ್ಯಾನ್ಸರ್ ವೈದ್ಯರ ಬುಧವಾರದ ಸಭೆಯಲ್ಲಿ ರೋಗಿಯ ಸ್ಕ್ಯಾನ್ ಹಾಕುತ್ತಾರೆ. ಗ್ರಂಥಿಗಳೆಲ್ಲ ಸಣ್ಣವು, ಶಂಕೆ ಪಡುವಂಥದ್ದಿಲ್ಲ. ಆದರೆ ಸ್ಕ್ಯಾನ್ ನೋಡುವುದು ಮುಖ್ಯವಾಗಿ ಗಾತ್ರವನ್ನು. ಊದಿಕೊಳ್ಳದ ಗ್ರಂಥಿಯೊಳಗೆ ಕೂತ ಕಣ ಅದಕ್ಕೆ ಕಾಣದು. ಅದು ಎಲ್ಲಿರಬಹುದೆಂದು ಸ್ಲೈಡಿನಿಂದಲೇ ಊಹಿಸಬೇಕು, ಆ ಊಹೆಯ ಮೇಲೆ ಒಬ್ಬರ ಎದೆ-ಹೊಟ್ಟೆ ತೆರೆಯಬೇಕು. ಕೋಣೆಯಲ್ಲಿ ಯಾರಿಗೂ ಇದು ಹಗುರದ ಮಾತಲ್ಲ. ರೋಗಿಗೆ ಎರಡೂ ದಾರಿ ವಿವರಿಸುತ್ತಾರೆ. ಅವರು ಆಪರೇಷನ್‌ಗೆ ಒಪ್ಪುತ್ತಾರೆ.

ವಾರಗಳ ನಂತರ ಅದೇ ಮೇಜು. ಅನ್ನನಾಳದ ಕೆಳತುದಿ, ಜಠರದ ಮೇಲ್ಭಾಗ, ಜೊತೆಗೆ ಹಳದಿ ಕೊಬ್ಬು. ಕಿರಿಯ ವೈದ್ಯೆ ಕೊಬ್ಬನ್ನು ಬೆರಳುಗಳ ನಡುವೆ ಹಿಸುಕುತ್ತಾ ಹುಡುಕುತ್ತಾರೆ. ಬೆಣ್ಣೆಯಲ್ಲಿ ಸಿಕ್ಕಿಕೊಂಡ ತೊಗರಿಕಾಳಿನಂತೆ ಗ್ರಂಥಿ ಬೆರಳಿಗೆ ತಗಲುತ್ತದೆ, ಕಣ್ಣಿಗಲ್ಲ. ಕನಿಷ್ಠ 15 ಸಿಗಬೇಕು. ಕಡಿಮೆ ಸಿಕ್ಕರೆ ‘ಹರಡಿಲ್ಲ’ ಎಂಬ ಮಾತಿಗೆ ಬಲವಿಲ್ಲ. ಜಪಾನಿನವರು ಈ ಗ್ರಂಥಿಗಳಿಗೆ ಗುಂಪುವಾರು ಸಂಖ್ಯೆ ಕೊಟ್ಟಿದ್ದಾರೆ: ಜಠರದ ಬಾಯಿಯ ಬಲಕ್ಕೆ 1, ಎಡಕ್ಕೆ 2, ಜಠರದ ಒಳಬಾಗಿನ ಉದ್ದಕ್ಕೆ 3, ಎಡ ಜಠರ ಅಪಧಮನಿಯ ಬುಡದಲ್ಲಿ 7. ಡಬ್ಬಿಗಳ ಮೇಲೆ ಅವೇ ಅಂಕಿಗಳು.

1, 2, 3ರಲ್ಲಿ ಏನೂ ಇಲ್ಲ. 7ನೇ ಡಬ್ಬಿಯ 4 ಮಿಲಿಮೀಟರ್ ಗ್ರಂಥಿಯೊಂದರಲ್ಲಿ, ಕವಚದ ಅಡಿಯಲ್ಲೇ, ದುಗ್ಧರಸ ಮೊದಲು ಬಂದು ಸೇರುವ ಜಾಗದಲ್ಲಿ, ಸಣ್ಣ ಗುಂಪೊಂದು ಕೂತಿದೆ.

ಮೇಡಂ ಎರಡು ಸಲ ನೋಡಿ ಫೋನ್ ಎತ್ತಿಕೊಳ್ಳುತ್ತಾರೆ. “ಸರ್, 7ರಲ್ಲಿ ಒಂದು ಪಾಸಿಟಿವ್. ಉಳಿದಿದ್ದೆಲ್ಲ ಕ್ಲೀನ್.”

ಮುಂದಿನ ಬುಧವಾರದ ಪಟ್ಟಿಗೆ ಅವರ ಹೆಸರು ಮತ್ತೆ ಸೇರುತ್ತದೆ. ಈ ಸಲದ ಚರ್ಚೆ ಕೀಮೊ ಕುರಿತು.