ಏಳು ತಿಂಗಳ ಅರಸನು

ನಮ್ಮ ಶಾಲೆಯ ಸಭಾಮಂದಿರದಲ್ಲಿ ನಾವು ‘ಮ್ಯಾಕ್‌ಬೆತ್’ ನಾಟಕದ ಕೆಲವು ದೃಶ್ಯಗಳನ್ನು ಆಡಿದುದು ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗಾದರೂ ನೆನಪಿರಬಹುದು. ರಾಣಿಯ ವೇಷ ಧರಿಸಿದವಳು ನಿದ್ದೆಗಣ್ಣಿನಲ್ಲಿ ಕೈತೊಳೆಯುವುದನ್ನು ಕಂಡು ತಾಯಂದಿರು ಕಣ್ಣೊರಸಿಕೊಂಡರು. ಚರಿತ್ರೆಯ ಆ ರಾಣಿಗೆ ಒಬ್ಬ ಮಗನಿದ್ದನೆಂಬುದು ಮಾತ್ರ ನಮಗಾರಿಗೂ ತಿಳಿದಿರಲಿಲ್ಲ. ನಾಟಕದಲ್ಲಿ ಅವನಿಗೆ ಎಡೆಯಿಲ್ಲ.

ಅವನ ಹೆಸರು ಲುಲಾಕ್. ತಾಯಿ ಗ್ರುವೋಕ್ ಸ್ಕಾಟ್ಲೆಂಡಿನ ರಾಜವಂಶದವಳು. ತಂದೆ ಉತ್ತರದ ಮೊರೇ ಪ್ರಾಂತದ ಒಡೆಯನು. 1032ರಲ್ಲಿ ಆ ತಂದೆಯನ್ನು ಐವತ್ತು ಮಂದಿಯೊಡನೆ ಸುಟ್ಟುಹಾಕಿದರು. ಸುಟ್ಟವರಾರೆಂದು ಐರ್ಲೆಂಡಿನ ವೃತ್ತಾಂತಕಾರನು ಹೇಳುವುದಿಲ್ಲ. ಮಗನಾಗ ಹಸುಗೂಸಾಗಿದ್ದಿರಬೇಕು. ವಿಧವೆಯನ್ನು ವರಿಸಿದವನೇ ಮ್ಯಾಕ್‌ಬೆತ್. ಅವನು 1040ರಲ್ಲಿ ಡಂಕನನನ್ನು ಕೊಂದು ಅರಸನಾದನು. ಹದಿನೇಳು ವರ್ಷ ಆಳಿದನು. 1050ರಲ್ಲಿ ರೋಮಿಗೆ ಹೋಗಿ ಬಡವರಿಗೆ ಹಣವನ್ನು ಬೀಜದಂತೆ ಚೆಲ್ಲಿದನಂತೆ. ನಾವು ಶಾಲೆಯಲ್ಲಿ ಕಂಡ ಮ್ಯಾಕ್‌ಬೆತ್ ಬೇರೆಯವನೇ!

1057ರ ಆಗಸ್ಟಿನಲ್ಲಿ ಡಂಕನನ ಮಗನಾದ ಮಾಲ್ಕಮನು ಲುಂಫಾನನ್ ಎಂಬಲ್ಲಿ ಮ್ಯಾಕ್‌ಬೆತ್‌ನನ್ನು ಕೊಂದನು. ಅವನ ಕಡೆಯವರು ಮಲಮಗನಾದ ಲುಲಾಕ್‌ನನ್ನೇ ಪಟ್ಟಕ್ಕೇರಿಸಿದರು. ಅದು ಏಳು ತಿಂಗಳ ಪಟ್ಟ. 1058ರ ಮಾರ್ಚಿಯಲ್ಲಿ ಸ್ಟ್ರಾತ್‌ಬೋಗಿಯ ಎಸ್ಸಿ ಎಂಬಲ್ಲಿ ಅವನೂ ಮಾಲ್ಕಮನ ಕೈಯಿಂದ ಹತನಾದನು. ಮೋಸದಿಂದ ಎಂದು ಐರ್ಲೆಂಡಿನ ಇನ್ನೊಂದು ವೃತ್ತಾಂತ. ಹಗೆ ಅಲ್ಲಿಗೂ ತಣಿಯಲಿಲ್ಲ. ಇಪ್ಪತ್ತು ವರ್ಷಗಳ ಮೇಲೆ, 1078ರಲ್ಲಿ, ಮಾಲ್ಕಮನು ಲುಲಾಕ್‌ನ ಮಗನ ಮೇಲೆ ಬಿದ್ದು, ಅವನ ತಾಯಿಯನ್ನೂ ಐಶ್ವರ್ಯವನ್ನೂ ದನಕರುಗಳನ್ನೂ ಹಿಡಿದೊಯ್ದನು.

ಇಷ್ಟು ಅಲ್ಪಕಾಲ ಆಳಿದವನಿಗೆ ಹಳೆಯ ರಾಜಾವಳಿಗಳು ಕೊಟ್ಟ ಬಿರುದು ಒಂದೇ: ‘ಪೆದ್ದ ಲುಲಾಕ್’. ಅವನು ಮಾಡಿದ ಪೆದ್ದತನವೊಂದನ್ನಾದರೂ ಅವು ಹೇಳುವುದಿಲ್ಲ. ಮುಂದೆ 1286ರ ವರೆಗೆ ಆ ಸಿಂಹಾಸನವು ಹೆಚ್ಚುಕಡಿಮೆ ಮಾಲ್ಕಮನ ಸಂತತಿಯಲ್ಲಿಯೇ ಉಳಿಯಿತೆಂಬುದನ್ನು ಮರೆಯಬಾರದು.

ಇದನ್ನೋದಿದಾಗ ನಮಗೆ ಮೋರೆ ಎತ್ತಲಾಗಲಿಲ್ಲ. ನಮ್ಮ ತರಗತಿಯಲ್ಲಿಯೂ ಒಬ್ಬಳಿದ್ದಳು. ಕಪ್ಪುಹಲಗೆಯ ಮುಂದೆ ಒಂದು ದಿನ ಲೆಕ್ಕದಲ್ಲಿ ತಡವರಿಸಿದಳೆಂದು ಅವಳನ್ನು ‘ಪೆದ್ದಿ’ ಎಂದು ಕರೆದೆವು; ಶಾಲೆ ಬಿಡುವ ತನಕ ಹಾಗೆಯೇ ಕರೆದೆವು. ಅವಳು ಓಗೊಡುತ್ತಲೂ ಇದ್ದಳು. ಕಳೆದ ಸಾರಿ ನಾವೆಲ್ಲರೂ ಕೂಡಿದಾಗ ಅವಳ ಮಾತು ಬಂದಿತು. ನಿಜವಾದ ಹೆಸರು ನಮ್ಮಲ್ಲಿ ಒಬ್ಬಳ ಬಾಯಿಗೂ ಬರಲಿಲ್ಲ. ಹಳೆಯ ಹಾಜರಿ ಪುಸ್ತಕವನ್ನು ತರಿಸಿ ನೋಡಬೇಕಾಯಿತು. ಈ ಸಂಚಿಕೆಯ ಒಂದು ಪ್ರತಿಯನ್ನು ಆ ಹೆಸರಿಗೆ ಅಂಚೆಯಲ್ಲಿ ಕಳುಹಿಸುತ್ತಿದ್ದೇವೆ.